ಊರು ಬದಲಾದರೂ ಪಾಠ ತಪ್ಪದಿರಲಿ: ದೂರಕಲಿಕೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ನೆಟ್ ಇಲ್ಲದ ಮಕ್ಕಳು, ಒಂದೇ ಫೋನನ್ನು ಮೂವರು ಹಂಚಿಕೊಳ್ಳುವ ಮಕ್ಕಳು, ವರ್ಷದಲ್ಲಿ ಎರಡು ಮೂರು ಸಲ ಊರು ಬದಲಿಸುವ ಮಕ್ಕಳು. ಇವರಿಗೆ ದೂರದಿಂದ ಪಾಠ ಮಾಡುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಶಿಕ್ಷಕರು, ಮುಖ್ಯ ಶಿಕ್ಷಕರು, ಸ್ವಯಂಸೇವಕರು, ಪಾಠ ತಯಾರಿಸುವವರು ಎಲ್ಲರಿಗೂ ಇದು ಉಪಯೋಗಕ್ಕೆ ಬರಬಹುದು. ಸಮಯ ಕಮ್ಮಿ ಇದ್ದರೆ ಫೋನ್ ಕರೆ ಮತ್ತು ಊರು ಬಿಡುವ ದಿನದ ಬಗ್ಗೆ ಇರುವ ಉತ್ತರಗಳನ್ನು ಮೊದಲು ಓದಿ.

ಯಾವ ಮಕ್ಕಳ ಬಗ್ಗೆ ಮಾತಾಡುತ್ತಿದ್ದೀರಿ?

ಎರಡು ಗುಂಪುಗಳಿವೆ. ಮೊದಲನೆಯದು, ಕಲಿಯಲು ಬೇಕಾದ ಸೌಲಭ್ಯ ಸಿಗದ ಮಕ್ಕಳು. ಹಣ ಇಲ್ಲ, ನೆಟ್‌ವರ್ಕ್ ಇಲ್ಲ, ಕೂತು ಓದಲು ಜಾಗ ಇಲ್ಲ, ಪಾಠದ ಭಾಷೆ ಮನೆಮಾತಲ್ಲ, ಇಲ್ಲವೇ ಅಂಗವೈಕಲ್ಯಕ್ಕೆ ತಕ್ಕ ಸಾಮಗ್ರಿ ಇಲ್ಲ. ಎರಡನೆಯದು, ಒಂದೇ ಕಡೆ ನೆಲೆ ನಿಲ್ಲದ ಮಕ್ಕಳು. ಸುಗ್ಗಿಗೆ, ಕಟ್ಟಡ ಕೆಲಸಕ್ಕೆ, ಇಟ್ಟಿಗೆ ಗೂಡಿಗೆ ಹೋಗುವವರ ಮಕ್ಕಳು, ನಿರಾಶ್ರಿತರ ಮಕ್ಕಳು, ಅಲೆಮಾರಿ ಕುಟುಂಬಗಳ ಮಕ್ಕಳು, ಸೂರಿಲ್ಲದವರ ಮಕ್ಕಳು, ಸಾಕು ಮನೆಯಿಂದ ಸಾಕು ಮನೆಗೆ ಹೋಗುವ ಮಕ್ಕಳು, ಪದೇ ಪದೇ ವರ್ಗವಾಗುವ ಸೈನಿಕರ ಮಕ್ಕಳು.

ಎಷ್ಟೋ ಮಕ್ಕಳು ಎರಡೂ ಗುಂಪಿಗೆ ಸೇರುತ್ತಾರೆ. ಹಾಗಾಗಿ ಇಬ್ಬರಿಗೂ ಬೇರೆ ಬೇರೆ ಯೋಜನೆ ಮಾಡಿದರೆ ಕೆಲಸಕ್ಕೆ ಬರುವುದಿಲ್ಲ.

ಎಲ್ಲರಿಗೂ ಒಂದೇ ಲಿಂಕ್ ಕಳಿಸುತ್ತೇವೆ, ಒಂದೇ ಪಾಠ ಕೊಡುತ್ತೇವೆ. ಅದು ಸಮಾನ ಅವಕಾಶ ಅಲ್ವಾ?

ಲಿಂಕ್ ಎಲ್ಲರಿಗೂ ಒಂದೇ ಇರಬಹುದು, ಅದನ್ನು ತೆರೆಯುವ ಶಕ್ತಿ ಒಂದೇ ಇರುವುದಿಲ್ಲ. 2020ರಲ್ಲಿ ಇದು ಇಡೀ ಜಗತ್ತಿಗೇ ಕಂಡಿತು. ಯುನೆಸ್ಕೊ ಲೆಕ್ಕದ ಪ್ರಕಾರ ಆ ವರ್ಷ 190ಕ್ಕೂ ಹೆಚ್ಚು ದೇಶಗಳಲ್ಲಿ ಸುಮಾರು 160 ಕೋಟಿ ವಿದ್ಯಾರ್ಥಿಗಳ ಶಾಲೆ ಕಾಲೇಜು ಮುಚ್ಚಿದವು. ಪಾಠಗಳು ಟಿವಿಗೆ, ರೇಡಿಯೊಗೆ, ಇಂಟರ್ನೆಟ್ಟಿಗೆ ಹೋದವು. ಆದರೆ ಕನಿಷ್ಠ 46.3 ಕೋಟಿ ಮಕ್ಕಳಿಗೆ ಇವುಗಳಲ್ಲಿ ಯಾವುದೂ ತಲುಪುವಂತಿರಲಿಲ್ಲ ಎಂದು ಯುನಿಸೆಫ್ ಆಗಸ್ಟ್‌ನಲ್ಲಿ ಹೇಳಿತು. ಅವರಲ್ಲಿ ನಾಲ್ವರಲ್ಲಿ ಮೂವರು ಹಳ್ಳಿಯವರು ಅಥವಾ ಕಡುಬಡವರ ಮನೆಯವರು. ಅದೇ ವರ್ಷದ ಇನ್ನೊಂದು ವರದಿಯಲ್ಲಿ, 3ರಿಂದ 17 ವರ್ಷದ ಮಕ್ಕಳಲ್ಲಿ ಮೂರರಲ್ಲಿ ಎರಡು ಪಾಲು, ಅಂದರೆ ಸುಮಾರು 130 ಕೋಟಿ ಮಕ್ಕಳ ಮನೆಯಲ್ಲಿ ಇಂಟರ್ನೆಟ್ ಇಲ್ಲ ಎಂದು ಬಂತು.

ನಾವು ಹೇಳುವುದು ಇಷ್ಟೇ. ಪಾಠವನ್ನು ಚೆನ್ನಾಗಿ ನೆಟ್ ಇರುವ ಮಗುವಿಗಾಗಿ ಮಾಡಿ, ಆಮೇಲೆ ಉಳಿದವರಿಗೆ ಏನಾದರೂ ತೇಪೆ ಹಾಕೋಣ ಅಂದುಕೊಳ್ಳಬೇಡಿ. ನೆಟ್ ಇಲ್ಲದ, ಮುಂದಿನ ವಾರ ಊರು ಬಿಡಬಹುದಾದ ಮಗುವನ್ನು ಮನಸ್ಸಿನಲ್ಲಿಟ್ಟು ಶುರು ಮಾಡಿ. ಆ ಮಗುವಿಗೆ ತಲುಪುವ ಪಾಠ ಉಳಿದ ಎಲ್ಲರಿಗೂ ತಲುಪುತ್ತದೆ.

ಹಾಗಾದರೆ ಎಲ್ಲಿಂದ ಶುರು ಮಾಡುವುದು?

ಕೇಳುವುದರಿಂದ. "ಮನೆಯಲ್ಲಿ ಫೋನ್ ಇದೆಯಾ?" ಎಂದು ಕೇಳಿದರೆ ಹೆಚ್ಚಿನವರು ಇದೆ ಅನ್ನುತ್ತಾರೆ. ನೀವು ಆ ಕಾಲಂನಲ್ಲಿ ಟಿಕ್ ಹಾಕುತ್ತೀರಿ. ವಾರ ಕಳೆದ ಮೇಲೆ ಮಗು ಯಾಕೆ ಕ್ಲಾಸಿಗೆ ಬರುತ್ತಿಲ್ಲ ಅಂತ ಗೊತ್ತೇ ಆಗುವುದಿಲ್ಲ.

ಕೇಳಬೇಕಾದದ್ದು ಬೇರೆ. ಫೋನ್ ಯಾರದು? ಅವರು ಕೆಲಸಕ್ಕೆ ಹೋಗುವಾಗ ತೆಗೆದುಕೊಂಡು ಹೋಗುತ್ತಾರಾ? ಮಗುವಿನ ಕೈಗೆ ಎಷ್ಟು ಹೊತ್ತಿಗೆ ಸಿಗುತ್ತದೆ? ಆ ಹೊತ್ತಿಗೆ ಬ್ಯಾಟರಿ ಇರುತ್ತದಾ? ಚಾರ್ಜ್ ಎಲ್ಲಿ ಮಾಡುತ್ತಾರೆ? ರೀಚಾರ್ಜ್ ಮುಗಿದರೆ ಮತ್ತೆ ಹಾಕಿಸಲು ಎಷ್ಟು ದಿನ ಆಗುತ್ತದೆ? ಅಣ್ಣ ತಂಗಿ ಯಾರಿಗೆಲ್ಲ ಅದೇ ಫೋನ್ ಬೇಕು? ಮನೆಯಲ್ಲಿ ಓದಲು ಬರುವವರು ಯಾರು, ಯಾವ ಭಾಷೆಯಲ್ಲಿ? ಮುಂದಿನ ಆರು ತಿಂಗಳಲ್ಲಿ ಬೇರೆ ಕಡೆ ಹೋಗುವ ಯೋಚನೆ ಇದೆಯಾ?

ಕೊನೆಯ ಪ್ರಶ್ನೆಯನ್ನು ಬಿಡಲೇಬೇಡಿ. ಯಾವ ತಿಂಗಳು ಹೊರಡುತ್ತೇವೆ, ಯಾವಾಗ ವಾಪಸ್ ಬರುತ್ತೇವೆ ಅನ್ನುವುದು ಬಹಳಷ್ಟು ಕುಟುಂಬಗಳಿಗೆ ಮುಂಚೆಯೇ ಗೊತ್ತಿರುತ್ತದೆ. ಅವರನ್ನು ಯಾರೂ ಕೇಳಿರುವುದಿಲ್ಲ ಅಷ್ಟೇ.

ಇದನ್ನು ಫಾರ್ಮ್ ತುಂಬಿಸಿ ಕೇಳುವುದಕ್ಕಿಂತ ಮಾತಾಡಿ ಕೇಳುವುದು ಒಳ್ಳೆಯದು. ಆನ್‌ಲೈನ್ ಫಾರ್ಮ್ ಅಂತೂ ಬೇಡ. ನೆಟ್ ಇಲ್ಲದವರ ಉತ್ತರ ಅದರಲ್ಲಿ ಬರುವುದೇ ಇಲ್ಲ, ಎಲ್ಲ ಸರಿ ಇದೆ ಅನ್ನೋ ತಪ್ಪು ಚಿತ್ರ ನಿಮ್ಮ ಕೈಗೆ ಬರುತ್ತದೆ.

ಎಲ್ಲ ಮಕ್ಕಳಿಗೂ ಟ್ಯಾಬ್ಲೆಟ್ ಕೊಟ್ಟುಬಿಟ್ಟರೆ?

ಕೊಡಲು ಸಾಧ್ಯವಿದ್ದರೆ ಕೊಡಿ. ಆದರೆ ಅಷ್ಟಕ್ಕೇ ಕಲಿಕೆ ಆಗುತ್ತದೆ ಅಂದುಕೊಳ್ಳಬೇಡಿ. ಪೆರು ದೇಶದಲ್ಲಿ ಮಗುವಿಗೊಂದು ಲ್ಯಾಪ್‌ಟಾಪ್ ಕೊಡುವ ದೊಡ್ಡ ಯೋಜನೆ ನಡೆಯಿತು. ಅಲ್ಲಿನ 319 ಹಳ್ಳಿ ಶಾಲೆಗಳಲ್ಲಿ ಪರಿಶೀಲಿಸಿದಾಗ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಮಕ್ಕಳ ಕಲಿಕೆ ಹೆಚ್ಚಿದ್ದು ಕಾಣಲಿಲ್ಲ. ಮಕ್ಕಳು ಕಂಪ್ಯೂಟರ್ ಬಳಸುವುದು ಮಾತ್ರ ಜಾಸ್ತಿ ಆಯಿತು.

ಕೊಡುವುದಾದರೆ ಜೊತೆಗೆ ಇನ್ನಷ್ಟು ಬೇಕು. ಪಾಠಗಳನ್ನು ಮೊದಲೇ ತುಂಬಿ ಕೊಡಿ. ಚಾರ್ಜರ್ ಹಾಳಾದರೆ, ಪರದೆ ಒಡೆದರೆ ಯಾರಿಗೆ ಹೇಳಬೇಕು ಅಂತ ತಿಳಿಸಿ. ಒಡೆದರೆ ದಂಡ ಕಟ್ಟಬೇಕು ಅಂದರೆ ಬಡವರ ಮನೆಯಲ್ಲಿ ಅದನ್ನು ಮಗುವಿನ ಕೈಗೆ ಕೊಡದೆ ಪೆಟ್ಟಿಗೆಯಲ್ಲಿ ಎತ್ತಿಡುತ್ತಾರೆ. ಇನ್ನೊಂದು ಮುಖ್ಯ ವಿಷಯ: ಕುಟುಂಬ ಊರು ಬಿಡುವಾಗ ಟ್ಯಾಬ್ಲೆಟ್ ವಾಪಸ್ ಕೊಡಬೇಕು ಅನ್ನುವ ನಿಯಮ ಎಷ್ಟೋ ಕಡೆ ಇದೆ. ಮಗುವಿಗೆ ಅದು ಎಲ್ಲಕ್ಕಿಂತ ಹೆಚ್ಚು ಬೇಕಾದ ದಿನವೇ ಕಿತ್ತುಕೊಂಡ ಹಾಗಾಗುತ್ತದೆ. ಆ ನಿಯಮ ಬದಲಿಸಿ.

ದಿನಾ ಲೈವ್ ಕ್ಲಾಸ್ ನಡೆಸುತ್ತೇವೆ. ಅದನ್ನು ನಿಲ್ಲಿಸಬೇಕಾ?

ನಿಲ್ಲಿಸಬೇಕಿಲ್ಲ, ಆದರೆ ಪಾಠ ಅದರ ಮೇಲೇ ನಿಂತಿರಬಾರದು. ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ 1 ಮೆಗಾಬಿಟ್ ಬಳಸುವ ವಿಡಿಯೊ ಕ್ಲಾಸ್ 45 ನಿಮಿಷ ನಡೆದರೆ ಸುಮಾರು 340 ಎಂಬಿ ಡೇಟಾ ಖರ್ಚಾಗುತ್ತದೆ. ಅಂಥ ಮೂರು ಕ್ಲಾಸ್ ಆದರೆ 1 ಜಿಬಿ ದಾಟಿತು. ಅದೇ ಪಾಠದ ಸಾರವನ್ನು 10 ನಿಮಿಷದ ಧ್ವನಿಯಾಗಿ, ಸೆಕೆಂಡಿಗೆ 32 ಕಿಲೋಬಿಟ್ ಮಟ್ಟದಲ್ಲಿ ರೆಕಾರ್ಡ್ ಮಾಡಿದರೆ 2.4 ಎಂಬಿ ಸಾಕು. ಮಾತು ಸ್ಪಷ್ಟವಾಗಿಯೇ ಕೇಳುತ್ತದೆ.

ಡೇಟಾ ಒಂದೇ ತೊಂದರೆ ಅಲ್ಲ. ಬೆಳಿಗ್ಗೆ ಹತ್ತಕ್ಕೆ ಕ್ಲಾಸ್ ಇಟ್ಟರೆ, ಫೋನ್ ಇರುವ ಅಪ್ಪ ಆಗ ಕೆಲಸದಲ್ಲಿರುತ್ತಾರೆ. ಮಗುವಿಗೆ ಫೋನ್ ಸಿಗುವುದು ರಾತ್ರಿ ಎಂಟಕ್ಕೆ. ಆಗ ತೆರೆದು ಕೇಳಬಹುದಾದ ಪಾಠ ಇರಬೇಕು. ಹೊಸ ವಿಷಯವನ್ನು ರೆಕಾರ್ಡ್ ಮಾಡಿ ಕಳಿಸಿ, ಲೈವ್ ಸಮಯವನ್ನು ಅನುಮಾನ ಕೇಳಲು, ಮಾತಾಡಲು ಇಟ್ಟುಕೊಳ್ಳಿ. ಆಗ ಲೈವ್‌ಗೆ ಬರಲಾಗದ ಮಗು ಮಾತುಕತೆ ಕಳೆದುಕೊಳ್ಳಬಹುದು, ಪಾಠ ಕಳೆದುಕೊಳ್ಳುವುದಿಲ್ಲ.

ಹಾಗೇ, ಪುಸ್ತಕದ ಪುಟವನ್ನು ಫೋಟೊ ಹೊಡೆದು ಕಳಿಸುವ ಬದಲು ಟೈಪ್ ಮಾಡಿ ಕಳಿಸಿ. ಒಂದು ಫೋಟೊ ಎರಡು ಮೂರು ಎಂಬಿ ಇರಬಹುದು. ಅದೇ ಪುಟದ ಅಕ್ಷರಗಳು ಕೆಲವೇ ಕೆಬಿ.

ಇಂಟರ್ನೆಟ್ ಅಂದರೇ ಇಲ್ಲ. ಆಗ ಏನು ದಾರಿ?

ದೂರಕಲಿಕೆ ಇಂಟರ್ನೆಟ್ಟಿಗಿಂತ ಹಳೆಯದು. ಆಸ್ಟ್ರೇಲಿಯಾದ ಒಳನಾಡಿನಲ್ಲಿ ನೂರಾರು ಕಿಲೋಮೀಟರ್ ದೂರ ದೂರ ಇದ್ದ ದನದ ಫಾರ್ಮುಗಳ ಮಕ್ಕಳಿಗೆ 1951ರಲ್ಲಿ ಆಲಿಸ್ ಸ್ಪ್ರಿಂಗ್ಸ್‌ನಿಂದ ರೇಡಿಯೊ ಶಾಲೆ ಶುರುವಾಯಿತು. ವೈದ್ಯರನ್ನು ಕರೆಯಲು ಇದ್ದ ಎರಡೂ ಕಡೆ ಮಾತಾಡುವ ರೇಡಿಯೊವನ್ನೇ ಅದಕ್ಕೆ ಬಳಸಿದರು. ಅಲ್ಲಿಯೂ ರೇಡಿಯೊ ಒಂದನ್ನೇ ನಂಬಿ ಕೂರಲಿಲ್ಲ. ಅಂಚೆಯಲ್ಲಿ ಪಾಠದ ಹಾಳೆಗಳು ಹೋಗುತ್ತಿದ್ದವು, ಮನೆಯಲ್ಲಿ ದೊಡ್ಡವರೊಬ್ಬರು ಪಕ್ಕದಲ್ಲಿ ಕೂರುತ್ತಿದ್ದರು, ಶಿಕ್ಷಕರು ಮನೆಗೇ ಹೋಗಿ ಮಕ್ಕಳನ್ನು ನೋಡಿ ಬರುತ್ತಿದ್ದರು.

ಮೆಕ್ಸಿಕೊದಲ್ಲಿ 1968ರಿಂದ ಹಳ್ಳಿಗಳಿಗೆ ಟಿವಿ ಮೂಲಕ ಪ್ರೌಢಶಾಲೆ ಪಾಠ ಬರುತ್ತಿದೆ. ಅಲ್ಲಿ ಟಿವಿ ಪಕ್ಕದಲ್ಲಿ ಒಬ್ಬ ಶಿಕ್ಷಕರಿರುತ್ತಾರೆ. 1970ರ ದಶಕದಲ್ಲಿ ನಿಕರಾಗುವಾದ ರೇಡಿಯೊ ಗಣಿತ ಪಾಠದಲ್ಲಿ ಪ್ರಶ್ನೆ ಕೇಳಿ ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದರು. ಆ ಬಿಡುವಿನಲ್ಲಿ ಮಕ್ಕಳು ಜೋರಾಗಿ ಉತ್ತರ ಹೇಳಬೇಕು, ಆಮೇಲೆ ರೇಡಿಯೊ ಸರಿ ಉತ್ತರ ಹೇಳುತ್ತಿತ್ತು. ಸುಲಭದ ಉಪಾಯ, ಆದರೆ ಕೇಳುವ ಮಗುವನ್ನು ಕೆಲಸಕ್ಕೆ ಹಚ್ಚುತ್ತದೆ. ನೀವು ಮೊಬೈಲಿನಲ್ಲಿ ಪಾಠ ರೆಕಾರ್ಡ್ ಮಾಡುವಾಗಲೂ ಇದನ್ನು ಮಾಡಬಹುದು. ಎಬೋಲಾ ಬಂದು 2014ರಲ್ಲಿ ಸಿಯೆರಾ ಲಿಯೋನ್‌ನ ಶಾಲೆಗಳು ಮುಚ್ಚಿದಾಗ ಅಲ್ಲಿ ರೇಡಿಯೊ ಪಾಠ ಪ್ರಸಾರ ಮಾಡಿದರು. ಆ ಅನುಭವ ಇದ್ದದ್ದರಿಂದ 2020ರಲ್ಲಿ ಬೇಗ ಮತ್ತೆ ಶುರು ಮಾಡಲು ಆಯಿತು.

ಇವತ್ತಿಗೆ ಇನ್ನೂ ಕೆಲವು ದಾರಿಗಳಿವೆ. ಪಾಠ, ಅಭ್ಯಾಸ ಎಲ್ಲವನ್ನೂ ತುಂಬಿಟ್ಟ ಚಿಕ್ಕ ಕಂಪ್ಯೂಟರ್ ಒಂದನ್ನು ಮಕ್ಕಳು ಸೇರುವ ಜಾಗದಲ್ಲಿ ಇಟ್ಟರೆ, ಸುತ್ತಲಿನ ಫೋನ್‌ಗಳು ಅದರ ವೈಫೈ ಹಿಡಿದು ಪಾಠ ಇಳಿಸಿಕೊಳ್ಳಬಹುದು. ಇಂಟರ್ನೆಟ್ ಬೇಕಿಲ್ಲ. ಇದಕ್ಕಾಗಿಯೇ ಮಾಡಿದ ಕೊಲಿಬ್ರಿ, ಕಿವಿಕ್ಸ್ ಅನ್ನುವ ಉಚಿತ ತಂತ್ರಾಂಶಗಳಿವೆ. ಮೆಮೊರಿ ಕಾರ್ಡ್‌ನಲ್ಲಿ ಪಾಠ ಹಾಕಿ ಕೊಡಬಹುದು. ಮಾಮೂಲಿ ಫೋನ್ ಇದ್ದವರಿಗೆ, ಒಂದು ನಂಬರಿಗೆ ಮಿಸ್ಡ್ ಕಾಲ್ ಕೊಟ್ಟರೆ ವಾಪಸ್ ಕರೆ ಬಂದು ಪಾಠ ಕೇಳಿಸುವ ವ್ಯವಸ್ಥೆ ಮಾಡಬಹುದು. ಖರ್ಚು ಮನೆಯವರ ಮೇಲೆ ಬೀಳುವುದಿಲ್ಲ.

ಕಾಗದವನ್ನು ಮಾತ್ರ ಮರೆಯಬೇಡಿ. ಅಚ್ಚು ಮಾಡಿದ ಅಭ್ಯಾಸ ಪುಸ್ತಕಕ್ಕೆ ಚಾರ್ಜ್ ಬೇಡ, ಸಿಗ್ನಲ್ ಬೇಡ, ಅಕ್ಕ ಓದುವಾಗ ತಂಗಿಯೂ ಇಣುಕಿ ನೋಡಬಹುದು.

ಎಸ್ಸೆಮ್ಮೆಸ್‌ನಲ್ಲಿ ಪಾಠ ಕಳಿಸಬಹುದಾ?

ನೆನಪಿಸಲು, ಒಂದು ಲೆಕ್ಕ ಕೊಡಲು ಆಗುತ್ತದೆ. ಪೂರ್ತಿ ಪಾಠಕ್ಕೆ ಆಗುವುದಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ ಹಿಡಿದರೆ, ಕನ್ನಡದಂಥ ಲಿಪಿಯಲ್ಲಿ ಸಾಮಾನ್ಯವಾಗಿ 70 ಮಾತ್ರ. ಅದರಲ್ಲೂ ಗುಣಿತದ ಚಿಹ್ನೆ, ಒತ್ತು ಎಲ್ಲವೂ ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. ಹಾಗಾಗಿ ಹೇಳಬೇಕಾದದ್ದನ್ನು ಒಂದೆರಡು ಚಿಕ್ಕ ವಾಕ್ಯದಲ್ಲಿ ಮುಗಿಸಿ.

ಬರೀ ಫೋನ್ ಕರೆಯಿಂದ ಮಕ್ಕಳು ಕಲಿಯುತ್ತಾರಾ?

ಕಲಿಯುತ್ತಾರೆ. ಈ ಪುಟದಲ್ಲಿ ನಮಗೆ ತುಂಬಾ ಭರವಸೆ ಇರುವ ವಿಷಯ ಇದೇ. 2020ರಲ್ಲಿ ಬೋಟ್ಸ್ವಾನಾದಲ್ಲಿ ಶಾಲೆ ಮುಚ್ಚಿದ್ದಾಗ ಸುಮಾರು 4,500 ಕುಟುಂಬಗಳ ಜೊತೆ ಒಂದು ಪ್ರಯೋಗ ನಡೆಯಿತು. 3ರಿಂದ 5ನೇ ತರಗತಿ ಮಕ್ಕಳ ಮನೆಗಳವು. ಕೆಲವರಿಗೆ ವಾರಕ್ಕೊಮ್ಮೆ ಲೆಕ್ಕಗಳ ಎಸ್ಸೆಮ್ಮೆಸ್ ಹೋಯಿತು. ಇನ್ನು ಕೆಲವರಿಗೆ ಎಸ್ಸೆಮ್ಮೆಸ್ ಜೊತೆಗೆ ವಾರಕ್ಕೊಂದು 15–20 ನಿಮಿಷದ ಕರೆ. ಬರೀ ಎಸ್ಸೆಮ್ಮೆಸ್ ಪಡೆದವರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕರೆಯೂ ಬಂದ ಮನೆಗಳ ಮಕ್ಕಳು ಗಣಿತದಲ್ಲಿ ಮುಂದೆ ಬಂದರು. ಅದಕ್ಕೆ ಬೇಕಾದದ್ದು ಸ್ಮಾರ್ಟ್‌ಫೋನ್ ಅಲ್ಲ, ಮಾಮೂಲಿ ಫೋನ್.

ಕರೆಯಲ್ಲಿ ಏನು ನಡೆಯುತ್ತದೆ ಅಂತ ಒಂದು ಉದಾಹರಣೆ ನೋಡಿ. ಶಿಕ್ಷಕಿ ಕೇಳುತ್ತಾರೆ: "ಮೂರನೇ ಒಂದು ದೊಡ್ಡದಾ, ನಾಲ್ಕನೇ ಒಂದು ದೊಡ್ಡದಾ?" ಮಗು ತಕ್ಷಣ ಹೇಳುತ್ತದೆ: "ನಾಲ್ಕನೇ ಒಂದು." ಮೂರಕ್ಕಿಂತ ನಾಲ್ಕು ದೊಡ್ಡದಲ್ವಾ, ಅದಕ್ಕೇ. ತಪ್ಪು ಅಂತ ಹೇಳಿ ಮುಂದೆ ಹೋಗಬೇಡಿ. "ಒಂದು ಹಾಳೆಯಿಂದ ಒಂದೇ ಉದ್ದದ ಎರಡು ಪಟ್ಟಿ ಹರಿದುಕೋ. ಒಂದನ್ನು ಮೂರು ಸಮ ಭಾಗ ಆಗೋ ಹಾಗೆ ಮಡಚು, ಇನ್ನೊಂದನ್ನು ನಾಲ್ಕು. ಅವಸರ ಬೇಡ, ನಾನು ಕಾಯ್ತೀನಿ." ಫೋನಿನಲ್ಲಿ ಹಾಳೆ ಸದ್ದು ಕೇಳುತ್ತದೆ. "ಈಗ ಒಂದೊಂದು ಭಾಗ ಪಕ್ಕಪಕ್ಕ ಇಟ್ಟು ನೋಡು." ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ: "ಮೂರು ಮಾಡಿದ್ದೇ ದೊಡ್ಡದು ಟೀಚರ್!" "ಯಾಕೆ?" "ಕಮ್ಮಿ ಜನ ಹಂಚಿಕೊಂಡಂಗೆ." ಆ "ಯಾಕೆ"ಗೆ ಉತ್ತರ ಬಂತು ಅಂದರೆ ಪಾಠ ಆಯಿತು. ರೆಕಾರ್ಡ್ ಮಾಡಿದ ವಿಡಿಯೊ ಎಷ್ಟೇ ಚೆನ್ನಾಗಿದ್ದರೂ ಈ ಮಗು ಎಲ್ಲಿ ಎಡವಿದೆ ಅಂತ ಅದಕ್ಕೆ ಕಾಣುವುದಿಲ್ಲ.

ಕರೆ ಮಾಡುವಾಗ ಮೊದಲ ಎರಡು ನಿಮಿಷ ಮನೆಯವರ ಜೊತೆ ಮಾತಾಡಿ, ಸ್ಪೀಕರ್ ಹಾಕಲು ಹೇಳಿ. ಒಂದು ಕರೆಯಲ್ಲಿ ಒಂದೇ ವಿಷಯ ಹಿಡಿಯಿರಿ. ಮುಂದಿನ ಕರೆ ಯಾವ ದಿನ ಅಂತ ಹೇಳಿ ಇಡಿ, ಹೇಳಿದ ದಿನ ಮಾಡಿಯೇ ಮಾಡಿ.

ಅಷ್ಟೊಂದು ಕರೆ ಮಾಡಲು ಶಿಕ್ಷಕರಿಗೆ ಸಮಯ ಎಲ್ಲಿದೆ?

ನ್ಯಾಯವಾದ ಪ್ರಶ್ನೆ. 40 ಮಕ್ಕಳಿಗೆ 15 ನಿಮಿಷದಂತೆ ಅಂದರೆ ವಾರಕ್ಕೆ 10 ಗಂಟೆ. ಇದನ್ನು ಇರುವ ಕೆಲಸದ ಮೇಲೆ ಹೇರಿದರೆ ಎರಡೇ ವಾರದಲ್ಲಿ ನಿಂತುಹೋಗುತ್ತದೆ. ಮುಖ್ಯ ಶಿಕ್ಷಕರು ಲೈವ್ ಕ್ಲಾಸಿನ ಕೆಲವು ಗಂಟೆ ಕಡಿಮೆ ಮಾಡಿ ಇದಕ್ಕೆ ಕೊಡಬೇಕು. ಕರೆಯ ಖರ್ಚನ್ನೂ ಶಾಲೆಯೇ ನೋಡಿಕೊಳ್ಳಬೇಕು. ತರಬೇತಿ ಪಡೆದ ಸ್ವಯಂಸೇವಕರು ಒಂದಷ್ಟು ಮಕ್ಕಳನ್ನು ವಹಿಸಿಕೊಳ್ಳಬಹುದು. ಎಲ್ಲರಿಗೂ ಸಮವಾಗಿ ಹಂಚಲೇಬೇಕು ಅಂತಿಲ್ಲ. ತಾನಾಗಿ ಓದಿಕೊಳ್ಳುವ ಮಗುವಿಗೆ ತಿಂಗಳಿಗೊಂದು ಕರೆ ಸಾಕಾಗಬಹುದು, ಸದ್ದೇ ಇಲ್ಲದ ಮಗುವಿಗೆ ವಾರಕ್ಕೆ ಎರಡು ಬೇಕಾಗಬಹುದು.

ವರ್ಷದ ನಡುವೆ ಬಂದು ಹೋಗುವ ಮಕ್ಕಳಿಗೆ ಪಾಠ ಹೇಗೆ ಜೋಡಿಸಬೇಕು?

ಜೂನ್‌ನಲ್ಲಿ ಶುರುವಾಗಿ ಮಾರ್ಚ್‌ವರೆಗೆ ಒಂದೇ ಎಳೆಯಲ್ಲಿ ಹೋಗುವ ಪಾಠದಲ್ಲಿ, ಎರಡು ತಿಂಗಳು ತಪ್ಪಿಸಿಕೊಂಡ ಮಗು ಮತ್ತೆ ಹತ್ತುವುದು ಕಷ್ಟ. ಪಾಠವನ್ನು ಒಂದು ಅಥವಾ ಎರಡು ವಾರದ ತುಂಡುಗಳಾಗಿ ಮಾಡಿ. ಪ್ರತಿ ತುಂಡಿನ ಶುರುವಿನಲ್ಲಿ, ಇದಕ್ಕೆ ಮುಂಚೆ ಏನು ಗೊತ್ತಿರಬೇಕು ಅಂತ ನೋಡಲು ನಾಲ್ಕೈದು ಪ್ರಶ್ನೆ ಇಡಿ. ಗೊತ್ತಿಲ್ಲದಿದ್ದರೆ ಯಾವ ತುಂಡಿಗೆ ಹೋಗಬೇಕು ಅಂತ ಅಲ್ಲೇ ಬರೆಯಿರಿ. ಕೊನೆಯಲ್ಲಿ ಚಿಕ್ಕ ಪರೀಕ್ಷೆ ಇಟ್ಟು, ಮುಗಿಸಿದ್ದಕ್ಕೆ ಒಂದು ಗುರುತು ಕೊಡಿ. ಆ ಗುರುತನ್ನು ಯಾರೂ ವಾಪಸ್ ತೆಗೆದುಕೊಳ್ಳುವಂತಿಲ್ಲ.

ಕೊಲಂಬಿಯಾದಲ್ಲಿ 1970ರ ದಶಕದಿಂದ ನಡೆಯುತ್ತಿರುವ ಎಸ್ಕುವೇಲಾ ನುಯೇವಾ ಶಾಲೆಗಳು ಹೀಗೇ ಕೆಲಸ ಮಾಡುತ್ತವೆ. ಮಕ್ಕಳು ಕಲಿಕೆಯ ಕೈಪಿಡಿ ಹಿಡಿದು ತಮ್ಮ ವೇಗದಲ್ಲಿ ಸಾಗುತ್ತಾರೆ. ಸುಗ್ಗಿಗೆ ಹೋಗಿ ಬಂದ ಮಗು ಬಿಟ್ಟ ಪುಟದಿಂದ ಮುಂದುವರಿಸುತ್ತದೆ. ತರಗತಿಯಲ್ಲಿ ಹಿಂದುಳಿದೆ ಅನ್ನುವ ಅವಮಾನ ಇಲ್ಲ.

ಮಗು ಊರು ಬಿಡುವ ದಿನ ನಾವು ಏನು ಮಾಡಬೇಕು?

ಕುಟುಂಬದ ಕೈಗೆ ಒಂದು ಹಾಳೆ ಕೊಡಿ. ಅಂಕಪಟ್ಟಿ, ಟಿಸಿ ಬೇರೆ. ಇದು ಶಿಕ್ಷಕರಿಂದ ಶಿಕ್ಷಕರಿಗೆ ಬರೆದ ಪತ್ರ. ಹೊಸ ಶಾಲೆಯ ಟೀಚರ್ ಎರಡು ನಿಮಿಷದಲ್ಲಿ ಓದಿ, ನಾಳೆಯೇ ಪಾಠ ಶುರು ಮಾಡುವಂತಿರಬೇಕು. ಅದರಲ್ಲಿ ಬರೆಯುವುದು ಇಂಥದ್ದು:

"ಗಣಿತದಲ್ಲಿ ಭಿನ್ನರಾಶಿ ಹೋಲಿಸುವುದು ಚೆನ್ನಾಗಿ ಬರುತ್ತದೆ. ಛೇದ ಬೇರೆ ಇದ್ದರೆ ಕೂಡುವಾಗ ತಡವರಿಸುತ್ತಾಳೆ. ಓದು ಸರಾಗ, ಬರೆಯುವಾಗ ಒತ್ತಕ್ಷರ ತಪ್ಪುತ್ತವೆ. ಹಿಂದಿನ ಬೆಂಚಿನಿಂದ ಬೋರ್ಡ್ ಕಾಣುವುದಿಲ್ಲ, ಕಣ್ಣು ಪರೀಕ್ಷೆ ಇನ್ನೂ ಆಗಿಲ್ಲ. ಜೋರಾಗಿ ಕೇಳಿದರೆ ಸುಮ್ಮನಾಗುತ್ತಾಳೆ, ಪಕ್ಕದಲ್ಲಿ ಕೂತು ಕೇಳಿದರೆ ಎಲ್ಲ ಹೇಳುತ್ತಾಳೆ. ಅಮ್ಮನ ಫೋನ್ ಸಂಜೆ ಏಳರ ಮೇಲೆ ಸಿಗುತ್ತದೆ. ಏಳನೇ ತುಂಡು ಮುಗಿದಿದೆ, ಎಂಟರಿಂದ ಶುರು ಮಾಡಬಹುದು."

ಇಂಥ ಆರೇಳು ಸಾಲು ಹೊಸ ಜಾಗದಲ್ಲಿ ವಾರಗಟ್ಟಲೆ ಸಮಯ ಉಳಿಸುತ್ತದೆ. ಜೊತೆಗೆ ಮುಂದಿನ ಎರಡು ಮೂರು ತುಂಡುಗಳ ಪುಸ್ತಕ ಅಥವಾ ಮೆಮೊರಿ ಕಾರ್ಡ್ ಕೊಟ್ಟು ಕಳಿಸಿ. ಹೊಸ ಶಾಲೆ ಸಿಗುವವರೆಗೂ ಪಾಠ ನಿಲ್ಲದಿರಲಿ. ಹಾಳೆಯ ಒಂದು ಫೋಟೊ ನಿಮ್ಮ ಹತ್ತಿರವೂ ಇರಲಿ, ಪ್ರಯಾಣದಲ್ಲಿ ಕಾಗದ ಕಳೆಯುವುದು ಮಾಮೂಲು.

ಇನ್ನೊಂದು ಮಾತು. ಮಗು ಹೋದ ತಕ್ಷಣ ಗುಂಪಿನಿಂದ ನಂಬರ್ ತೆಗೆಯಬೇಡಿ, ಲಾಗಿನ್ ಮುಚ್ಚಬೇಡಿ. ಹೊಸ ಶಾಲೆಯಲ್ಲಿ ಪಾಠ ಶುರುವಾಗಿದೆ ಅಂತ ಖಾತ್ರಿ ಆಗುವವರೆಗೆ ಆ ಮಗು ನಿಮ್ಮದೇ.

ಟಿಸಿ, ದಾಖಲೆ ಏನೂ ಇಲ್ಲದೆ ಬಂದ ಮಗುವನ್ನು ಸೇರಿಸಿಕೊಳ್ಳಬಹುದಾ?

ಮೊದಲು ಸೇರಿಸಿಕೊಳ್ಳಿ, ಆಮೇಲೆ ದಾಖಲೆ ತರಿಸಿ. ಇದು ಬರೀ ಒಳ್ಳೆತನದ ಮಾತಲ್ಲ, ಹಲವು ದೇಶಗಳಲ್ಲಿ ಕಾನೂನು. ಭಾರತದಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯ. ಟಿಸಿ ತರುವುದು ತಡವಾಯಿತು ಅನ್ನುವ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ, ವಯಸ್ಸಿನ ದಾಖಲೆ ಇಲ್ಲ ಅಂತಲೂ ನಿರಾಕರಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಬಿಟ್ಟುಹೋದದ್ದಕ್ಕೆ ವಿಶೇಷ ತರಬೇತಿ ಕೊಡಬೇಕು ಅನ್ನುತ್ತದೆ ಅದೇ ಕಾಯ್ದೆ. ಅಮೆರಿಕದಲ್ಲಿ 1987ರ ಮೆಕಿನಿ-ವೆಂಟೊ ಕಾಯ್ದೆ ಇದೆ. ಅದರ ಪ್ರಕಾರ ಸೂರಿಲ್ಲದ ಮಗುವನ್ನು ದಾಖಲೆ ಇಲ್ಲದಿದ್ದರೂ ತಕ್ಷಣ ಸೇರಿಸಿಕೊಳ್ಳಬೇಕು. ಅಂಥ ಮಕ್ಕಳನ್ನು ನೋಡಿಕೊಳ್ಳಲು ಅಲ್ಲಿನ ಪ್ರತಿ ಶಾಲಾ ಜಿಲ್ಲೆಯಲ್ಲಿ ಒಬ್ಬರನ್ನು ನೇಮಿಸಿರಬೇಕು.

ಆನ್‌ಲೈನ್ ಕಲಿಕೆಗೂ ಇದೇ ನಿಯಮ ಇಟ್ಟುಕೊಳ್ಳಿ. ನೋಂದಣಿ ಸಂಖ್ಯೆ ಬರುವವರೆಗೆ ಲಾಗಿನ್ ಕೊಡುವುದಿಲ್ಲ ಅಂದರೆ ಆ ಮಗು ಬಾಗಿಲಲ್ಲೇ ನಿಂತಂತೆ. ತಾತ್ಕಾಲಿಕ ಲಾಗಿನ್ ಒಂದಷ್ಟು ಯಾವಾಗಲೂ ಸಿದ್ಧ ಇರಲಿ.

ಫೋನ್ ನಂಬರ್ ಪದೇ ಪದೇ ಬದಲಾಗುತ್ತದೆ. ಸಂಪರ್ಕ ಉಳಿಸಿಕೊಳ್ಳುವುದು ಹೇಗೆ?

ಒಂದು ನಂಬರ್ ಸಾಲದು. ಅಜ್ಜಿ, ಚಿಕ್ಕಪ್ಪ, ಕೆಲಸದ ಜಾಗದ ಮೇಸ್ತ್ರಿ, ಅಕ್ಕಪಕ್ಕದವರು, ಹೀಗೆ ಮೂರು ನಂಬರ್ ತೆಗೆದುಕೊಳ್ಳಿ. ಒಂದಾದರೂ ಊರಲ್ಲೇ ಉಳಿಯುವವರದ್ದಾಗಿರಲಿ. ಶಾಲೆಯ ಕಡೆಯಿಂದ ಮಾತ್ರ ಬದಲಾಗದ ಒಂದು ನಂಬರ್ ಇರಬೇಕು. ಅದನ್ನು ಮಗುವಿನ ಪುಸ್ತಕದ ಒಳರಟ್ಟಿನ ಮೇಲೆ ದೊಡ್ಡದಾಗಿ ಬರೆದುಕೊಡಿ. ಲಾಗಿನ್‌ಗೆ ಓಟಿಪಿ ಬೇಡ, ಸಿಮ್ ಬದಲಾದ ದಿನ ಮಗು ಹೊರಗುಳಿಯುತ್ತದೆ.

ಹಾಜರಿ ಹೇಗೆ ಹಾಕುವುದು?

ಲೈವ್ ಕ್ಲಾಸಿಗೆ ಬಂದವರನ್ನು ಮಾತ್ರ ಎಣಿಸಬೇಡಿ. ಕರೆಯಲ್ಲಿ ಮಾತಾಡಿದರೂ, ಹಾಳೆ ತುಂಬಿ ಕೊಟ್ಟರೂ, ಧ್ವನಿ ಸಂದೇಶ ಕಳಿಸಿದರೂ ಅದು ಹಾಜರಿಯೇ. ಹಾಜರಿ ಕಮ್ಮಿ ಅಂತ ಹೆಸರು ತೆಗೆಯುವ ಮುಂಚೆ, ನಾವು ಎಷ್ಟು ಸಲ ತಲುಪಲು ನೋಡಿದೆವು ಅಂತ ಬರೆದಿಡುವ ಪದ್ಧತಿ ಇರಲಿ.

ಕ್ಯಾಮೆರಾ ಆನ್ ಇರಲೇಬೇಕಾ?

ಬೇಡ. ಡೇಟಾ ಉಳಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ತಾನು ಇರುವ ಗುಡಿಸಲನ್ನೋ ಶೆಡ್ಡನ್ನೋ ಗೆಳೆಯರಿಗೆ ತೋರಿಸಲು ಇಷ್ಟವಿಲ್ಲದ ಮಗು ಕ್ಲಾಸನ್ನೇ ಬಿಟ್ಟುಬಿಡುತ್ತದೆ.

ಪರೀಕ್ಷೆ, ಅಂಕ ಹೇಗೆ?

ಒಂದು ದಿನ, ಒಂದು ಗಂಟೆ, ಒಂದೇ ಸಮಯಕ್ಕೆ ಆನ್‌ಲೈನ್ ಪರೀಕ್ಷೆ ಅಂದರೆ ನೀವು ಅಳೆಯುವುದು ಸಿಗ್ನಲ್ಲನ್ನು. ನಾಲ್ಕೈದು ದಿನದ ಅವಧಿ ಕೊಡಿ. ಬರೆದು ಫೋಟೊ ಕಳಿಸಲಿ, ಫೋನಿನಲ್ಲಿ ಬಾಯಿಮಾತಲ್ಲಿ ಹೇಳಲಿ, ಕಾಗದ ಕೊಟ್ಟು ಹೋಗಲಿ. ಗೊತ್ತಿದೆಯಾ ಇಲ್ಲವಾ ಅನ್ನುವುದಷ್ಟೇ ನಮಗೆ ಬೇಕು. ತಡವಾಗಿ ಕೊಟ್ಟಿದ್ದಕ್ಕೆ ಅಂಕ ಕಳೆಯಬೇಡಿ. ಬಾರದ ಕೆಲಸಕ್ಕೆ ಸೊನ್ನೆ ಹಾಕುವ ಬದಲು "ಇನ್ನೂ ಬಂದಿಲ್ಲ" ಅಂತ ಬರೆಯಿರಿ. ಸೊನ್ನೆ ಸರಾಸರಿಯನ್ನು ಎಷ್ಟು ಕೆಳಗೆ ಎಳೆಯುತ್ತದೆ ಅಂದರೆ ಮಗು ಮತ್ತೆ ಮೇಲೆ ಬರುವ ಆಸೆಯನ್ನೇ ಬಿಡುತ್ತದೆ.

ಅಪ್ಪ ಅಮ್ಮನಿಗೆ ಓದು ಬರುವುದಿಲ್ಲ. ಅವರು ಹೇಗೆ ಸಹಾಯ ಮಾಡಬಹುದು?

ಪಾಠ ಹೇಳಿಕೊಡುವ ಕೆಲಸ ಅವರಿಗೆ ಕೊಡಬೇಡಿ. ಅವರಿಂದ ಆಗುವ ಕೆಲಸ ಬೇಕಾದಷ್ಟಿದೆ. ರಾತ್ರಿ ಅರ್ಧ ಗಂಟೆ ಫೋನ್ ಮಗುವಿಗೆ ಕೊಡುವುದು, ಪಕ್ಕದಲ್ಲಿ ಕೂರುವುದು, "ಇವತ್ತು ಏನು ಕಲಿತೆ, ನನಗೂ ಹೇಳು" ಅಂತ ಕೇಳುವುದು. ಮಗು ಹೇಳಿ ತೋರಿಸುವಾಗಲೇ ಅದಕ್ಕೆ ಪಾಠ ಗಟ್ಟಿಯಾಗುತ್ತದೆ. ಮನೆಯವರಿಗೆ ಹೇಳುವುದನ್ನು ಬರೆದು ಕಳಿಸಬೇಡಿ, ಅವರ ಮಾತಿನಲ್ಲೇ ಧ್ವನಿ ಸಂದೇಶ ಕಳಿಸಿ.

ಪಾಠದ ಭಾಷೆ ಮಗುವಿಗೆ ಬರುವುದಿಲ್ಲ. ಏನು ಮಾಡಲಿ?

ಬೇರೆ ಭಾಷೆಯ ಸೀಮೆಗೆ ಬಂದ ಮಗು ಗಣಿತದಲ್ಲಿ ಹಿಂದಿದೆ ಅಂತ ತೀರ್ಮಾನಿಸುವ ಮುಂಚೆ ಅದರ ಮನೆಮಾತಿನಲ್ಲಿ ಕೇಳಿಸಿ ನೋಡಿ. ಎಷ್ಟೋ ಸಲ ಲೆಕ್ಕ ಗೊತ್ತಿರುತ್ತದೆ, ಪ್ರಶ್ನೆ ಅರ್ಥವಾಗಿರುವುದಿಲ್ಲ. ಆ ಭಾಷೆ ಬಲ್ಲ ದೊಡ್ಡ ವಿದ್ಯಾರ್ಥಿಯಿಂದ ಪಾಠದ ಮುಖ್ಯ ಮಾತುಗಳನ್ನು ರೆಕಾರ್ಡ್ ಮಾಡಿಸಿ ಜೊತೆಗೆ ಕಳಿಸಿ. ಹೊಸ ಭಾಷೆ ನಿಧಾನವಾಗಿ ಬರಲಿ, ಅಲ್ಲಿಯವರೆಗೆ ಉಳಿದ ವಿಷಯಗಳು ಕಾಯಬಾರದು.

ಅಂಗವೈಕಲ್ಯ ಇರುವ ಮಕ್ಕಳಿಗೆ?

ದೃಷ್ಟಿ ಇಲ್ಲದ ಮಗುವಿನ ಫೋನ್ ಅಕ್ಷರಗಳನ್ನು ಓದಿ ಹೇಳುತ್ತದೆ. ಆದರೆ ಸ್ಕ್ಯಾನ್ ಮಾಡಿದ ಪುಟ ಅದಕ್ಕೆ ಬರೀ ಚಿತ್ರ. ಹಾಗಾಗಿ ಟೈಪ್ ಮಾಡಿದ ಪಾಠ ಇಲ್ಲಿಯೂ ಬೇಕು. ಚಿತ್ರ ಇದ್ದರೆ ಅದರಲ್ಲಿ ಏನಿದೆ ಅಂತ ಎರಡು ಸಾಲು ಬರೆಯಿರಿ. ಕಿವಿ ಕೇಳಿಸದ ಮಗುವಿಗೆ ಧ್ವನಿ ಪಾಠದ ಜೊತೆ ಬರಹ ಕಳಿಸಿ, ವಿಡಿಯೊ ಇದ್ದರೆ ಕೆಳಗೆ ಅಕ್ಷರ ಬರಲಿ. ಮಗು ಊರು ಬದಲಿಸಿದಾಗ ಯಾವ ಸಹಾಯ ಕೊಡುತ್ತಿದ್ದೀರಿ ಅನ್ನುವುದನ್ನು ಆ ಒಂದು ಹಾಳೆಯಲ್ಲಿ ಮೊದಲ ಸಾಲಿಗೇ ಬರೆಯಿರಿ. ಹೊಸ ಜಾಗದಲ್ಲಿ ಎಲ್ಲ ತಪಾಸಣೆ ಮೊದಲಿಂದ ಆಗುವವರೆಗೆ ಕಾಯಿಸುವುದು ಆ ಮಗುವಿಗೆ ಮಾಡುವ ಅನ್ಯಾಯ.

ಇದು ಕೆಲಸ ಮಾಡುತ್ತಿದೆಯಾ ಅಂತ ತಿಳಿಯುವುದು ಹೇಗೆ?

ಸರಾಸರಿ ನೋಡಬೇಡಿ. ನೂರರಲ್ಲಿ ಎಂಬತ್ತು ಮಕ್ಕಳು ಚೆನ್ನಾಗಿ ಮಾಡಿದರೆ ಸರಾಸರಿ ಸುಂದರವಾಗಿ ಕಾಣುತ್ತದೆ, ಉಳಿದ ಇಪ್ಪತ್ತು ಮಕ್ಕಳು ಅದರಲ್ಲಿ ಮುಚ್ಚಿಹೋಗುತ್ತಾರೆ. ಪ್ರತಿ ವಾರ ಒಂದು ಪಟ್ಟಿ ಮಾಡಿ: ಈ ವಾರ ಯಾರ ಸದ್ದೂ ಬರಲಿಲ್ಲ? ಹೆಸರು ಬರೆಯಿರಿ. ಪಕ್ಕದಲ್ಲಿ, ಅವರಿಗೆ ಯಾರು ಯಾವಾಗ ಕರೆ ಮಾಡುತ್ತಾರೆ ಅಂತ ಬರೆಯಿರಿ. ವರ್ಷದ ನಡುವೆ ಬಂದವರು, ಬಿಟ್ಟು ಹೋದವರು ಎಷ್ಟು ತುಂಡು ಮುಗಿಸಿದರು ಅನ್ನುವುದನ್ನು ಬೇರೆಯಾಗಿ ಲೆಕ್ಕ ಇಡಿ. ಬಿಟ್ಟು ಹೋದವರನ್ನು ಪಟ್ಟಿಯಿಂದಲೇ ತೆಗೆದರೆ ಅಂಕಿಅಂಶ ಚೆನ್ನಾಗಿ ಕಾಣುತ್ತದೆ, ಆದರೆ ನಾವು ಯಾರಿಗಾಗಿ ಇದನ್ನು ಶುರು ಮಾಡಿದೆವೋ ಅವರೇ ಲೆಕ್ಕದಲ್ಲಿ ಇರುವುದಿಲ್ಲ.

ಮಕ್ಕಳ ಮಾಹಿತಿ ಎಲ್ಲ ಕಡೆ ಹರಡುವುದಿಲ್ಲವಾ?

ಎಚ್ಚರ ಬೇಕು. ಕುಟುಂಬ ಎಲ್ಲಿದೆ, ಯಾಕೆ ಊರು ಬಿಟ್ಟಿತು ಅನ್ನುವುದು ತಪ್ಪು ಕೈಗೆ ಸಿಕ್ಕರೆ ಅಪಾಯ ಆಗಬಹುದು. ಮನೆಯ ಹಿಂಸೆಯಿಂದ ಓಡಿ ಬಂದವರು, ನಿರಾಶ್ರಿತರು ಇದ್ದಾರೆ. ಕಲಿಕೆಗೆ ಬೇಕಾದಷ್ಟೇ ಬರೆದಿಡಿ. ದೊಡ್ಡ ವಾಟ್ಸ್ಆ್ಯಪ್ ಗುಂಪಿನಲ್ಲಿ ಹೊಸ ವಿಳಾಸ, ಶುಲ್ಕದ ವಿಷಯ, ಗೈರಾದವರ ಪಟ್ಟಿ ಹಾಕಬೇಡಿ. ಮಾಹಿತಿ ಹೊಸ ಶಾಲೆಗೆ ಕಳಿಸುವ ಮುಂಚೆ ಮನೆಯವರನ್ನು ಕೇಳಿ.

ಮೂರು ತಿಂಗಳು ಸುದ್ದಿ ಇಲ್ಲದ ಮಗು ಮತ್ತೆ ಬಂದಿದೆ. ಎಲ್ಲಿಂದ ಶುರು ಮಾಡಲಿ?

"ಎಲ್ಲಿ ಹೋಗಿದ್ದೆ?" ಅಂತ ಗದರುವುದರಿಂದ ಬೇಡ. "ಬಂದೆಯಲ್ಲ, ಒಳ್ಳೇದಾಯ್ತು" ಅನ್ನಿ. ಮೊದಲ ದಿನ ಪರೀಕ್ಷೆ ಇಡಬೇಡಿ. ಮಗುವಿಗೆ ಖಂಡಿತ ಬರುವ ಒಂದು ಕೆಲಸ ಕೊಡಿ. ಎರಡನೇ ದಿನ, ಅದು ಬಿಟ್ಟು ಹೋದ ತುಂಡಿನ ಪ್ರಶ್ನೆಗಳನ್ನು ಜೊತೆಗೆ ಕೂತು, ಇಲ್ಲವೇ ಫೋನಿನಲ್ಲಿ, ಬಾಯಲ್ಲೇ ಕೇಳಿ. ಹೋದ ಕಡೆ ಏನೇನು ಕಲಿತಿತು ಅಂತಲೂ ಕೇಳಿ. ಅಳತೆ, ತೂಕ, ಕೂಲಿ ಲೆಕ್ಕ, ಹೊಸ ಭಾಷೆಯ ಮಾತು ಏನಾದರೂ ಇರುತ್ತದೆ, ಅದನ್ನು ದಾಖಲೆಯಲ್ಲಿ ಬರೆಯಿರಿ. ಬಿಟ್ಟುಹೋದದ್ದೆಲ್ಲವನ್ನೂ ತುಂಬಿಸಲು ಹೋಗಬೇಡಿ. ಮುಂದಿನ ಪಾಠಕ್ಕೆ ಇದಿಲ್ಲದೆ ಆಗುವುದೇ ಇಲ್ಲ ಅನ್ನುವ ಎರಡು ಮೂರು ವಿಷಯ ಮಾತ್ರ ಹಿಡಿಯಿರಿ. ಆ ವಾರವೇ ಗೆಳೆಯರ ಜೊತೆ ಹೊಸ ತುಂಡಿಗೂ ಸೇರಿಸಿ. ಮತ್ತೆ ಯಾವಾಗ ಹೊರಡುವುದು ಅಂತ ಮನೆಯವರನ್ನು ಕೇಳಿ, ಆ ತಿಂಗಳನ್ನು ನಿಮ್ಮ ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳಿ.